ಬೀಗರ ಹಾವು ಊಟ ಬಿಟ್ಟ ಚಳಿಗಾಲ

ಹೋದ ವಾರ ನಮ್ಮ ಉಗ್ರಾಣದ ಹೊಸ್ತಿಲು ಎಡವಿ ಕಾಲಿನ ಹೆಬ್ಬೆರಳು ಒಡೆದುಕೊಂಡೆ. ನಲವತ್ತು ವರ್ಷದಿಂದ ದಾಟುತ್ತಿರುವ ಹೊಸ್ತಿಲು. ಅದು ಎತ್ತರವಾಯಿತೋ ನನ್ನ ಕಾಲು ತಗ್ಗಿತೋ ಎಂಬ ಪ್ರಶ್ನೆಯನ್ನು ವಿಚಾರಣೆಗೆ ತೆಗೆದುಕೊಂಡು ಅಲ್ಲೇ ಗೋಣಿಚೀಲದ ಮೇಲೆ ಕೂತಿದ್ದಾಗ, ಹೆಂಡತಿ ಶಾಂತಾ ಅಯೋಡಿನ್ ಸೀಸೆ ತಂದು, ಹತ್ತಿ ಅದ್ದಿ ಬೆರಳಿಗೆ ಒತ್ತಿದಳು. ಆ ಕಂದು ಔಷಧದ ಘಾಟು, ಮೂಲೆಯಲ್ಲಿದ್ದ ತೆಂಗಿನ ನಾರಿನ ವಾಸನೆ, ನೆಲದ ಕಡಪ ಕಲ್ಲಿನ ತಣ್ಣನೆಯ ವಾಸನೆ ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಕಲ್ಲಿಗೆ ವಾಸನೆ ಎಲ್ಲಿಂದ ಎನ್ನುವವರು ನಮ್ಮ ಉಗ್ರಾಣ ನೋಡಿದವರಲ್ಲ.

“ಹಿಂದಕ್ಕ ಇಲ್ಲೇ ಕುಂತು, ಇದೇ ಔಷಧ ಯಾರಿಗೆ ಹಚ್ಚಿದ್ವಿ, ನೆನಪೈತೇನ್ರಿ?” ಎಂದಳು ಶಾಂತಾ.

ನೆನಪಿತ್ತು. ಆ ರೋಗಿಗೆ ಕಾಲುಗಳಿರಲಿಲ್ಲ.

ಮೂರು ಚಳಿಗಾಲಗಳ ಹಿಂದಿನ ಮಾತು. ಹೇಳುವ ಮೊದಲು ನನ್ನ ಅರ್ಹತೆಯನ್ನು ತಿಳಿಸಿಬಿಡುವುದು ಒಳ್ಳೆಯದು. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಮೂವತ್ತು ವರ್ಷ ಅದನ್ನು ನಡೆಸಿ, ಮೊಣಕಾಲು ಮಾತು ಕೇಳದಾದ ಮೇಲೆ ತಮ್ಮ ಬಸವರಾಜನಿಗೆ ಒಪ್ಪಿಸಿ, ಹೊಸಪೇಟೆಯ ಚಿತ್ತವಾಡ್ಗಿಯ ಮನೆಯಲ್ಲಿ ಕೂತವನು ನಾನು. ಗಿರಣಿಯವನ ಬದುಕೆಂದರೆ ಭತ್ತ, ಹೊಟ್ಟು, ಕರೆಂಟು ಮತ್ತು ಇಲಿ. ಮೊದಲಿನ ಮೂರು ಬರುತ್ತವೆ, ಹೋಗುತ್ತವೆ. ಇಲಿ ಮಾತ್ರ ಖಾಯಂ. ಬೋನು, ಪಾಷಾಣ, ಬೆಕ್ಕು, ಮಂತ್ರಿಸಿದ ತೆಂಗಿನಕಾಯಿ, ಎಲ್ಲ ಅಸ್ತ್ರಗಳನ್ನೂ ಬಿಟ್ಟು ನೋಡಿ ಸೋತವನು ನಾನು. ಇನ್ನು ನಮ್ಮದು ಲಿಂಗ ಕಟ್ಟಿದ ಮನೆತನ; ಮನೆಯೊಳಗೆ ಕೋಳಿಮೊಟ್ಟೆ ಕೂಡ ಕಾಲಿಟ್ಟಿಲ್ಲ. ಅಂಥ ಮನೆಗೆ ಇಲಿಗಳನ್ನು ಐಸಿನಲ್ಲಿಟ್ಟು ಮರ್ಯಾದೆಯಿಂದ ಬರಮಾಡಿಕೊಳ್ಳುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು.

ಆ ವರ್ಷ ಕಾರ್ತಿಕದಲ್ಲಿ ಮಗಳು ವೀಣಾಳ ಮದುವೆ ನಿಶ್ಚಯವಾಯಿತು. ವೀಣಾ ಊರಿನ ನರ್ಸಿಂಗ್ ಹೋಮೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಂಬಂಧಗಳನ್ನೂ ಹಾಗೆಯೇ ಪರೀಕ್ಷೆ ಮಾಡಿ ಏಳನ್ನು ತಿರಸ್ಕರಿಸಿದ್ದಳು. ಎಂಟನೆಯವನು ಸಂಡೂರಿನ ಶಶಿಧರ, ಗಣಿಯಲ್ಲಿ ಸರ್ವೆಯರ್. ತಂದೆ ಇಲ್ಲ, ತಾಯಿ ನೀಲಮ್ಮ ಒಬ್ಬರೇ. ನಡುವೆ ನಿಂತು ಮಾತಾಡಿದವರು ಹುಡುಗನ ಗುಣ ವರ್ಣಿಸಿದರು: “ಸಿಗರೇಟಿಲ್ಲ, ಗುಟ್ಕಾ ಇಲ್ಲ, ಇಸ್ಪೀಟಿಲ್ಲ.” ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಹಾಂ, ಒಂದು ಹಾವೈತಿ” ಎಂದರು.

ವೀಣಾಳಿಗೆ ಆಗಲೇ ಹುಡುಗ ಒಪ್ಪಿಗೆಯಾದ ಎಂದು ನನ್ನ ಅನುಮಾನ.

ನಿಶ್ಚಯದ ದಿನ ಎಲ್ಲ ಸಾಂಗವಾಗಿ ನಡೆಯಿತು, ಒಂದನ್ನು ಬಿಟ್ಟು. ನಮ್ಮ ಕಡೆ, ಮನಸ್ಸಿಗೆ ಬಾರದ ಸಂಬಂಧದ ಮನೆಯಲ್ಲಿ ಬೀಗರು ಉಣ್ಣುವುದಿಲ್ಲ. ಚಹಾ ಕುಡಿಯಬಹುದು, ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳಬಹುದು. ಆದರೆ ಎಲೆಯ ಮುಂದೆ ಕೂತು ಉಂಡರೆ ಮಾತ್ರ ಒಪ್ಪಿದರೆಂದು ಅರ್ಥ. ಅವತ್ತು ನಮ್ಮ ಮನೆಯಲ್ಲಿ ನೀಲಮ್ಮನವರು ತಮ್ಮ ಕಡೆಯವರನ್ನೆಲ್ಲ ಎಲೆಗೆ ಕೂರಿಸಿ, ತಾವು ಮಾತ್ರ ಗೋಡೆಗೆ ಒರಗಿ, “ಇವತ್ತು ಒಪ್ಪತ್ತು ಹಿಡಿದೀನ್ರಿ” ಎಂದುಬಿಟ್ಟರು. ಶಾಂತಾಳ ಕೈಯಲ್ಲಿದ್ದ ಹೋಳಿಗೆಯ ತಟ್ಟೆ ಅಲ್ಲೇ ನಿಂತಿತು. ಮೇಲಾಗಿ ಅವರು ಹೊರಡುವಾಗ ಮಗನಿಗೆ ಎಲ್ಲರ ಮುಂದೆ ಹೇಳಿದ ಮಾತು: “ಮದುವಿ ಒಳಗ ಆ ಹಾವನ್ನ ಎಲ್ಲ್ಯಾರ ಸಾಗಸು. ಸೊಸಿ ಬರೂಮುಂದ ಮನ್ಯಾಗ ಅದು ಇರಬಾರದು.”

ಶಶಿಧರನ ಮುಖ ಸಣ್ಣಗಾಯಿತು. ಅವನನ್ನು ಮೂರು ತಿಂಗಳು ಒಡಿಶಾದ ಗಣಿಯೊಂದಕ್ಕೆ ಕಳಿಸುವವರಿದ್ದರು. ಹಾವನ್ನು ಸಾಗಿಸುವುದು ಯಾರ ಮನೆಗೆ? ಆಗ ವೀಣಾ, ಮದುಮಗಳು ಬಾಯಿ ತೆಗೆಯಬಾರದ ಹೊತ್ತಿನಲ್ಲಿ ಬಾಯಿ ತೆಗೆದು, “ನಮ್ಮ ಮನ್ಯಾಗ ಇರ್ಲಿ ಬಿಡ್ರಿ, ಅಪ್ಪ ಖಾಲಿ ಅದಾರ” ಎಂದಳು.

ಹೀಗೆ, ನನ್ನ ನಿವೃತ್ತಿ ಮುಗಿಯಿತು.

ಮುಂದಿನ ವಾರ ಹಾವು ಬಂತು. ಗಾಜಿನ ಮುಂಬಾಗಿಲಿನ ಉದ್ದನೆಯ ಪೆಟ್ಟಿಗೆ, ಅದರ ಕೆಳಗೆ ಹಾಸುವ ಕರೆಂಟಿನ ಬಿಸಿ ಹಾಳೆ, ಒಳಗೆ ತೆಂಗಿನ ನಾರಿನ ಹಾಸಿಗೆ, ಸತ್ತ ಇಲಿಮರಿಗಳನ್ನು ತುಂಬಿದ ಒಂದು ಚಿಕ್ಕ ಫ್ರಿಜ್ಜು. ಫ್ರಿಜ್ಜಿಗೆ ಉಗ್ರಾಣದ ಹೊರಗಿನ ಕಟ್ಟೆಯ ಮೇಲೆ ಜಾಗ ಕೊಟ್ಟು, ಶಾಂತಾ ಅದರ ಸುತ್ತ ಗಡಿ ಎಳೆದಂತೆ ರಂಗೋಲಿ ಗೆರೆ ಹಾಕಿದಳು. ಹಾವು ಅಮೆರಿಕದ ಮೂಲದ್ದು; ಕೇಸರಿ ಮೈ, ಮೇಲೆ ಕೆಂಪು ಮಚ್ಚೆ, ಮೂರೂವರೆ ಅಡಿ ಉದ್ದ, ವಿಷವಿಲ್ಲ. ನಮ್ಮ ನಾಡಿನ ಹಾವು ಸಾಕಿದರೆ ಅಪರಾಧ, ಇದಕ್ಕೆ ಸರಕಾರದ ಕಾಗದವಿತ್ತು. ನನ್ನ ಗಿರಣಿಗಿದ್ದುದಕ್ಕಿಂತ ಅಚ್ಚುಕಟ್ಟಾದ ಕಾಗದ.

ಹೆಸರು ಕೆಂಚ. ಬೀಗರ ಕಡೆಯವನನ್ನು ಬರಿ ಹೆಸರಿನಿಂದ ಕರೆಯುವುದು ಹೇಗೆಂದು ಶಾಂತಾ ಮೊದಲ ದಿನವೇ ‘ಕೆಂಚಪ್ಪ’ ಮಾಡಿದಳು.

ಹತ್ತು ದಿನಕ್ಕೊಮ್ಮೆ ಊಟ. ಇಲಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಉದ್ದ ಚಿಮಟದಲ್ಲಿ ಹಿಡಿದು ಅವನ ಮುಂದೆ ಅಲ್ಲಾಡಿಸಬೇಕು. ಬಸವಣ್ಣನ ಫೋಟೋಕ್ಕೆ ಬೆನ್ನು ತಿರುಗಿಸಿ ಕೂತು ನಾನು ಆ ಕೆಲಸ ಮಾಡಿದೆ. ಕೆಂಚಪ್ಪ ಇಲಿಯನ್ನು ನೋಡಿದ, ನನ್ನನ್ನು ನೋಡಿದ, ನಾಲಿಗೆ ಒಂದು ಸಲ ಹೊರಗೆ ಹಾಕಿ ಒಳಗೆಳೆದುಕೊಂಡ, ನಿಧಾನವಾಗಿ ಮುಖವನ್ನು ಆ ಕಡೆ ತಿರುಗಿಸಿದ. ಹತ್ತು ದಿನ ಬಿಟ್ಟು ಮತ್ತೆ ಬಡಿಸಿದೆ. ಮತ್ತೆ ಅದೇ ವಿನಯ, ಅದೇ ನಿರಾಕರಣೆ.

“ತಾಯಿನೂ ಉಣ್ಣಲಿಲ್ಲ, ಈಗ ಹಾವೂ ಉಣ್ಣವಲ್ದು” ಎಂದಳು ಶಾಂತಾ. ಅವಳ ದನಿ ಸಣ್ಣಗಿತ್ತು. “ನಮ್ಮ ಮನ್ಯಾಗ ಏನೋ ಆಗಿಬರವಲ್ದು ನೋಡ್ರಿ. ಮದುವಿ ಆಗೂದರಾಗ ಇದು ಸತ್ತುಗಿತ್ತು ಹೋದ್ರ ಮುಗೀತು. ಹುಡುಗಿ ಕಾಲಗುಣ ಅಂತಾರ. ನಮ್ಮ ವೀಣಾನ ಮ್ಯಾಲೆ ಹಾಕ್ತಾರ.”

ನಗಬೇಕೆಂದುಕೊಂಡೆ, ನಗೆ ಬರಲಿಲ್ಲ. ವೀಣಾ ಏಳು ಸಂಬಂಧ ಬಿಟ್ಟು ಎಂಟನೆಯದಕ್ಕೆ ತಾನಾಗಿ ಹೂಂ ಎಂದಿದ್ದಳು. ಆ ಹೂಂ ಈಗ ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ, ಊಟ ಬಿಟ್ಟು ಮಲಗಿತ್ತು. ಮಲಗಿತ್ತೆಂದು ನಮ್ಮ ಊಹೆ. ಹಾವಿಗೆ ಕಣ್ಣ ರೆಪ್ಪೆ ಇಲ್ಲ. ಎದ್ದಿದ್ದಾನೋ ಮಲಗಿದ್ದಾನೋ ಇನ್ನೇನಾದರೂ ಆಗಿದ್ದಾನೋ, ಬೆರಳಿನಿಂದ ಮುಟ್ಟುವವರೆಗೆ ತಿಳಿಯುವುದಿಲ್ಲ. ಆ ತಿಂಗಳು ನಾನು ದಿನಕ್ಕೆ ಎಂಟು ಸಲ ಮುಟ್ಟಿದೆ.

ವೀಣಾ ಅವತ್ತೇ ಶಶಿಧರನಿಗೆ ಫೋನು ಹಚ್ಚಿದಳು. “ಚಳಿಗಾಲಕ್ಕ ಹಂಗ ಮಾಡ್ತಾನಂತಪ್ಪ. ಏನೂ ಆಗಂಗಿಲ್ಲಂತ. ಚಿಂತಿ ಮಾಡಬ್ಯಾಡ್ರಿ ಅಂದ್ರು.”

ಇಲ್ಲೇ ನಾವು ದಾರಿ ತಪ್ಪಿದ್ದು. ಹೇಳಿದವನು ಹಾವು ಬಲ್ಲವನು. ನಾವು ಮಾತ್ರ ಅವನನ್ನು ಅಳಿಯನೆಂದು ತಿಳಿದು ಕೇಳಿದೆವು. ಊಟ ಚೆನ್ನಾಗಿರಲಿಲ್ಲ ಎಂದು ಯಾವ ಬೀಗರು ಎದುರಿಗೆ ಹೇಳುತ್ತಾರೆ? “ಏನೂ ತೊಂದ್ರಿ ಇಲ್ರಿ, ಭಾಳ ಚಂದ ಆತು” ಎಂದು ಕೈ ಮುಗಿದು ಹೋಗಿ, ಇಪ್ಪತ್ತು ವರ್ಷ ಊರಿಗೆಲ್ಲ ಹೇಳುತ್ತಾರೆ. “ಚಿಂತಿ ಮಾಡಬ್ಯಾಡ್ರಿ ಅಂದ ಅಂದ್ರ, ಚಿಂತಿ ಮಾಡೂವಂಥದ್ದು ಏನೋ ಐತಿ” ಎಂದು ಶಾಂತಾ ತೀರ್ಮಾನ ಕೊಟ್ಟಳು. ನನಗೂ ಸರಿ ಕಂಡಿತು. ನೀಲಮ್ಮನವರಿಗಂತೂ ಸುದ್ದಿ ಮುಟ್ಟಬಾರದೆಂದು ಇಬ್ಬರೂ ಗೊತ್ತು ಮಾಡಿಕೊಂಡೆವು.

ಅಳಿಯ ಬಿಟ್ಟುಹೋದ ಸೂಚನೆಗಳ ಹಾಳೆಯನ್ನು ತೆಗೆದು ಕನ್ನಡಕ ಹಾಕಿ ಕೂತೆ. ನಾಲ್ಕನೆಯದು ಹೇಳುತ್ತಿತ್ತು: ಆಹಾರ ನಿರಾಕರಿಸಿದರೆ ಬಿಸಿ ಸಾಲದಾಗಿರಬಹುದು, ಬೆಚ್ಚಗಿಡಿ. ಒಂಬತ್ತನೆಯದು ಹೇಳುತ್ತಿತ್ತು: ಚಳಿಗಾಲದಲ್ಲಿ ಆಹಾರ ನಿರಾಕರಿಸಿದರೆ, ಹೊಟ್ಟೆ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಬಿಸಿ ಹಾಳೆ ತೆಗೆದು ತಣ್ಣಗಿಡಿ. ಹೊಟ್ಟೆಯಲ್ಲಿ ಊಟವಿದ್ದಾಗ ತಂಪು ತಗುಲಿದರೆ ಅದು ಅರಗದೆ ಒಳಗೇ ಕೊಳೆಯುತ್ತದಂತೆ. ಕೆಂಚಪ್ಪನ ಹೊಟ್ಟೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಹೊಸಪೇಟೆಯ ಬಗ್ಗೆ. ಇಲ್ಲಿ ಚಳಿಗಾಲವೆಂಬುದು ಇದೆಯೇ? ಬೆಳಗಿನ ಐದಕ್ಕೆ ಕಿವಿಗೆ ಮಫ್ಲರ್ ಕಟ್ಟಿಕೊಂಡು ಹೋದವನು ಮಧ್ಯಾಹ್ನ ಅದರಿಂದಲೇ ಬೆವರು ಒರೆಸಿಕೊಂಡು ಬರುವ ಊರು ಇದು. ದಿನಕ್ಕೆ ಎರಡು ಋತು ತೋರಿಸುವ ಊರಿನಲ್ಲಿ ನಾಲ್ಕನ್ನು ಪಾಲಿಸಬೇಕೋ ಒಂಬತ್ತನ್ನೋ?

ನ್ಯಾಯವಾಗಿ ಎರಡನ್ನೂ ಪಾಲಿಸಿದೆ. ಬೆಳಗ್ಗೆ ಪೆಟ್ಟಿಗೆಯನ್ನು ಉಗ್ರಾಣದ ಕಡಪ ಕಲ್ಲಿನ ಮೇಲೆ ತಣ್ಣಗಿಟ್ಟೆ. ಮಧ್ಯಾಹ್ನ ಮನಸ್ಸು ತಡೆಯದೆ ಮಾಳಿಗೆಯ ಕೋಣೆಗೆ ಹೊತ್ತು ಬೆಚ್ಚಗಿಟ್ಟೆ. ಸಂಜೆ ಮತ್ತೆ ಕೆಳಗೆ. ಮೊಣಕಾಲು ಎರಡೂ ಸೇರಿ ಮನವಿ ಸಲ್ಲಿಸಿದವು, ಸ್ವೀಕರಿಸಲಿಲ್ಲ. ಕೆಂಚಪ್ಪ ತನ್ನ ಸುರುಳಿಯಲ್ಲಿ ಕೂತು ಮೇಲೆ ಕೆಳಗೆ ಪ್ರಯಾಣ ಮಾಡಿದ. ಊಟ ಮಾತ್ರ ಮಾಡಲಿಲ್ಲ.

ತಿಳಿದವರನ್ನು ಕೇಳೋಣವೆಂದು ಹಂಪಿ ದಾರಿಯ ಕಡ್ಡಿರಾಂಪುರಕ್ಕೆ ಹೋದೆ. ಅಲ್ಲಿ ಹನುಮಂತನೆಂಬವನು ಹೋಮ್‌ಸ್ಟೇಗಳಿಗೆ ನುಗ್ಗಿದ ಹಾವು ಹಿಡಿದು ಗುಡ್ಡಕ್ಕೆ ಬಿಡುವವನು. ಮನೆಯ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತಿದ್ದ.

“ಸಾಹುಕಾರ್ರ, ಈಗ ಹಂಪಿ ಬಂಡಿಗಲ್ಲಿನಾಗ ಒಂದರ ಹಾವು ಕಾಣ್ತೈತೇನು ತೋರಸ್ರಿ? ಎಲ್ಲಾ ಸಂದಿಯೊಳಗ ಸೇರ್ಕೊಂಡಾವ. ಶಿವರಾತ್ರಿಮಟ ನನಗ ಕೆಲಸಿಲ್ಲ, ಶೇಂಗಾ ಸುಲೀತೀನಿ.”

“ಅವು ಏನು ತಿಂತಾವೋ ಒಳಗ?”

“ಏನ್ ತಿಂತಾವ್ರಿ! ಸುಮ್ನ ಕುಂದರ್ತಾವ.”

“ನಂದು ಅಮೆರಿಕದ್ದಪ್ಪ.”

ಹನುಮಂತ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಯೋಚಿಸಿದ. “ಹಂಗಾರ ಅಲ್ಲಿ ಥಂಡಿ ಇನ್ನೂ ಜಾಸ್ತಿ ಅಲ್ರಿ? ಅದಕ್ಕ ಇನ್ನೂ ಭಾಳ ದಿನ ಸುಮ್ನ ಕುಂದರೂ ರೂಢಿ ಇರ್ತೈತಿ.”

ಈಗ ನೆನೆದರೆ ಆ ಶೇಂಗಾ ಸಿಪ್ಪೆಯ ರಾಶಿಯ ಹಿಂದೆ ಕೂತಿದ್ದವನು ಮಹಾಪಂಡಿತ. ಆಗ ನನಗೆ ಹಾಗೆ ಕಾಣಲಿಲ್ಲ. ಸುಲಭವಾದ ಉತ್ತರ ಕೊಡುವವನಿಗೆ ವಿಷಯ ಗೊತ್ತಿಲ್ಲವೆಂದೇ ನಾನು ಗಿರಣಿಯಲ್ಲಿ ಕಲಿತದ್ದು.

ಮನೆಗೆ ಬಂದರೆ ಶಾಂತಾಳಿಗೆ ಸತ್ಯ ಹೊಳೆದುಬಿಟ್ಟಿತ್ತು.

“ರೀ, ನಾವು ತಂಗಳ ಬಡಸಾಕತ್ತೀವಿ!”

“ಏನು?”

“ಬೀಗರ ಕಡೆಯವ್ರಿಗೆ ಫ್ರಿಜ್ಜಿನಾಗಿನ ತಂಗಳ ಬಡಿಸಿದ್ರ ಉಂತಾರೇನ್ರಿ? ನಿಮ್ಮ ತಂಗಿ ಮದುವ್ಯಾಗ ಅನ್ನ ಆರಿತ್ತಂತ ಅವರ ಸೋದರಮಾವ ಎಲಿ ಬಿಟ್ಟು ಎದ್ದಿದ್ದು ಮರ್ತ್ರೇನು? ಕೆಂಚಪ್ಪಗ ಬಿಸಿದು ಬೇಕು. ಬಿಸಿದು ತರ್ರಿ.”

ಜೀವಮಾನದಲ್ಲಿ ಮೊಟ್ಟೆ ಮುಟ್ಟದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಜಾ ಇಲಿಗಾಗಿ ಹಟ ಹಿಡಿದಳು. ಮಗಳ ಮದುವೆಯೆಂಬುದು ತಾಯಂದಿರಿಂದ ಏನೇನು ಮಾಡಿಸುತ್ತದೆ! ಮತ್ತು ನನ್ನಲ್ಲಿಯೂ ಒಬ್ಬ ಗಿರಣಿಯವನು ಎದ್ದು ಕೂತ. ಮೂವತ್ತು ವರ್ಷ ನನಗೆ ನಷ್ಟ ಮಾಡಿದ ಕುಲದಿಂದ ಒಬ್ಬನನ್ನು ಮಗಳ ಮದುವೆಗೆ ಕಾಣಿಕೆಯಾಗಿ ಕೇಳುವುದು ಅನ್ಯಾಯವೆನಿಸಲಿಲ್ಲ.

ಮರುದಿನ ಕಂಪ್ಲಿಗೆ ಹೋದೆ. ಬಸವರಾಜ ಹೊಟ್ಟಿನ ಕೋಣೆಯ ಬೋನಿನಲ್ಲಿ ಬಿದ್ದವನನ್ನು ತೋರಿಸಿದ. ಸೋನಾಮಸೂರಿ ತಿಂದು ಬೆಳೆದ ದೇಹ, ಎಣ್ಣೆ ಹಚ್ಚಿದಂಥ ಮೈ, ದೊಡ್ಡವರ ಮುಖದಲ್ಲಿ ಕಾಣುವ ಒಂದು ನೆಮ್ಮದಿ. “ಅಣ್ಣಾ, ಇದು ಹಾವಿಗೆ ಊಟೋ, ಹಾವು ಇದಕ್ಕ ಊಟೋ?” ಎಂದ. ತಮ್ಮಂದಿರ ಮಾತಿಗೆ ಬೆಲೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ತೂತು ಕೊರೆದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. “ಏನೈತ್ರಿ ಒಳಗ, ಬಡಬಡ ಅಂತೈತಿ?” ಎಂದು ಕಂಡಕ್ಟರ್ ಕೇಳಿದ. “ಬೀಗರ ಊಟ” ಎಂದೆ. ಸುಳ್ಳಲ್ಲ.

ಮಧ್ಯಾಹ್ನ, ವೀಣಾ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಮುಚ್ಚಿದೆ. ಅಲ್ಲಿಯೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಉಣ್ಣುವವರ ಬಾಯಿ ನೋಡುತ್ತ ನಿಲ್ಲಬಾರದೆಂದು ನಮ್ಮನ್ನು ಬೆಳೆಸಿದ್ದಾರೆ. “ಬರ್ರಿ, ಸಂಕೋಚ ಆಗ್ತೈತಿ ಅವ್ರಿಗೆ” ಎಂದು ಶಾಂತಾ ಉಗ್ರಾಣದ ಬಾಗಿಲು ಎಳೆದುಕೊಂಡಳು. ಇಬ್ಬರೂ ಹೊರಗೆ ಕೂತು, ಒಳಗೆ ಊಟ ನಡೆಯುತ್ತಿದೆಯೆಂಬ ನೆಮ್ಮದಿಯಿಂದ ಚಹಾ ಕುಡಿದೆವು. ಒಂದು ತಾಸು ಬಿಟ್ಟು ಬಾಗಿಲು ತೆಗೆದರೆ, ಗಾಜಿನ ಹಿಂದೆ ಇಲಿ ಹಿಂಗಾಲ ಮೇಲೆ ಕೂತು ಎರಡೂ ಕೈಯಿಂದ ಮುಖ ತೊಳೆದುಕೊಳ್ಳುತ್ತಿತ್ತು, ಊಟ ಮುಗಿಸಿದವರು ತೊಳೆದುಕೊಳ್ಳುವ ಹಾಗೆ. ಕೆಂಚಪ್ಪ ಮೂಲೆಯಲ್ಲಿ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಮುದುಡಿದ್ದ. ಬಾಲದ ಹತ್ತಿರ ಮೂರು ಕಡೆ ಚರ್ಮ ಕಿತ್ತು ಕೆಂಪಗೆ ಕಾಣುತ್ತಿತ್ತು.

ಗಾಬರಿಯಲ್ಲಿ ಪೆಟ್ಟಿಗೆಯ ಗಾಜಿನ ಬಾಗಿಲು ತೆಗೆದೆ. ಇಲಿ ನನ್ನ ಕಾಲ ನಡುವೆ ಹಾಯ್ದು ಹೋಯಿತು. ಇವತ್ತಿಗೂ ನಮ್ಮ ಓಣಿಯಲ್ಲಿ ಅದರ ಸಂತಾನವಿದೆ.

ಎಮ್ಮೆ ಆಕಳು ನೋಡುವ ಪಶುವೈದ್ಯರೊಬ್ಬರನ್ನು ಆಟೋದಲ್ಲಿ ಕರೆತಂದೆ. ಅವರು ದೂರ ನಿಂತೇ ಬಹಳ ಹೊತ್ತು ನೋಡಿದರು. ಆಮೇಲೆ ಧೈರ್ಯ ಮಾಡಿ ಹತ್ತಿರ ಬಂದು, ಗಾಯ ಆಳವಿಲ್ಲ, ನೀರು ಬೆರೆಸಿದ ಅಯೋಡಿನ್ನಿನಿಂದ ದಿನಕ್ಕೆರಡು ಸಲ ತೊಳೆಯಿರಿ, ನಾರು ತೆಗೆದು ಬಿಳಿ ಹಾಳೆ ಹಾಸಿ ಎಂದರು. ಹೋಗುವಾಗ ಮತ್ತೊಂದು ಮಾತು: “ಗಾಯ ಮಾಯಬೇಕಂದ್ರ ಬೆಚ್ಚಗಿಡಬೇಕ್ರಿ. ಥಂಡಿಯಾಗ ಇವುಗಳ ಗಾಯ ಕೂಡಂಗಿಲ್ಲ.”

“ಚಳಿಗಾಲಕ್ಕ ತಣ್ಣಗಿಡಬೇಕಂತ ಐತಲ್ರಿ?”

“ಹೌದ್ರಿ, ಅದೂ ಖರೇನ” ಎಂದು ಆಟೋ ಹತ್ತಿದರು.

ಸಂಜೆ ವೀಣಾ ಬಂದು ನೋಡಿದಳು. ಕೂಗಾಡುತ್ತಾಳೆಂದುಕೊಂಡಿದ್ದೆ. ಕೈ ತೊಳೆದು, ಹಾವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಗಾಯಕ್ಕೆ ಔಷಧ ಹಚ್ಚಿದಳು. ಕಣ್ಣಲ್ಲಿ ನೀರಿತ್ತು. ತಲೆ ಎತ್ತದೆ ಹೇಳಿದಳು:

“ಅಪ್ಪಾ, ಅವರು ನನ್ನ ನಂಬಿ ಬಿಟ್ಟುಹೋಗ್ಯಾರ. ಮದುವಿ ಆಗ್ತೈತೋ ಬಿಡ್ತೈತೋ, ಅದು ಆಮ್ಯಾಲಿನ ಮಾತು. ಇದನ್ನ ಮುಚ್ಚಿಟ್ಟು ನಾ ಆ ಮನಿ ಹೊಸ್ತಿಲ ತುಳಿಯಂಗಿಲ್ಲ. ನೀವು ಮಾಡೀರಿ, ನೀವು ಹೋಗಿ ಹೇಳ್ರಿ. ಮೊದಲು ಅವ್ರ ಅವ್ವಗ.”

ಮರುದಿನ ಸಂಡೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಕೆಂಪು ಧೂಳು, ಎಲೆ ಹಸಿರೆಂಬುದನ್ನೇ ಮರೆತ ಗಿಡಗಳು. ಹೇಳಬೇಕಾದ ಮಾತನ್ನು ಹತ್ತು ರೀತಿ ಜೋಡಿಸಿದೆ. ಗಿರಣಿ ನಡೆಸುವಾಗ ಎಂಥೆಂಥ ಅಧಿಕಾರಿಗಳ ಮುಂದೆ ನಿಂತು ಮಾತಾಡಿದವನು; ‘ನಿಮ್ಮ ಹಾವನ್ನು ನಮ್ಮ ಇಲಿ ಕಚ್ಚಿತು’ ಎಂಬ ವಾಕ್ಯಕ್ಕೆ ಗೌರವದ ರೂಪ ಕೊಡಲು ಆಗಲಿಲ್ಲ.

ನೀಲಮ್ಮನವರು ಅಂಗಳದಲ್ಲಿ ತುಳಸಿ ಗಿಡದ ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. “ಬರ್ರಿ ಬೀಗರ, ಕುಂದ್ರಿ” ಎಂದು ನೀರು ಕೊಟ್ಟರು. ನೀರು ಕುಡಿದೆ. ಅವರೇ ನನ್ನ ಮುಖ ನೋಡಿ ಕೇಳಿದರು:

“ಕೆಂಚ ಊಟ ಬಿಟ್ಟಾನೇನ್ರಿ?”

“ನಿಮಗ ಯಾರು ಹೇಳಿದ್ರು ಅಕ್ಕಾರ?”

“ಯಾರು ಹೇಳಬೇಕ್ರಿ? ಐದು ವರ್ಷಾತು ನೋಡಾಕತ್ತು. ದೀಪಾವಳಿ ಆತಂದ್ರ ಬಿಡ್ತಾನ, ಸಂಕ್ರಾಂತಿ ದಾಟಿ ಬಿಸಲು ಚುರುಕಾತಂದ್ರ ಹಿಡೀತಾನ. ಶಶಿ ಊರೂರು ತಿರಗತಾನ, ನೋಡಿಕೊಂಡಾಕಿ ನಾನ. ಅವಂಗೇನು ಗೊತ್ತು, ಹಾಳಿ ಬರೀತಾನ.”

“ಮತ್ತ ನೀವು ಅದನ್ನ ಸಾಗಸು ಅಂದಿದ್ರಿ...”

“ಹೊಸ ಸೊಸಿ ಹೆದರ್ಯಾಳು ಅಂತ ಅಂದೆ. ಆಕಿ ನೋಡ್ರ ತಾನ ಇಟಗೋತೀನಿ ಅಂದ್ಳು. ನಾ ಬ್ಯಾಡ ಅಂತ ಹೆಂಗ ಅನ್ಲಿ?” ತುಳಸಿಯ ಕಡೆ ನೋಡುತ್ತ, “ಅದು ಹೋದಮ್ಯಾಲೆ ಮನಿ ಬಿಕೋ ಅಂತೈತ್ರಿ” ಎಂದರು.

ಬೇಡವೆಂದವರು ಸಾಕಿದವರು, ಬೇಕೆಂದವರು ಕಚ್ಚಿಸಿದವರು. ನನ್ನ ಬುದ್ಧಿಗೆ ಸ್ವಲ್ಪ ಹೊತ್ತು ಮಬ್ಬು ಕವಿಯಿತು. ಆ ಮಬ್ಬಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ: ತಂಗಳು, ಬಿಸಿದು, ಕಂಪ್ಲಿ, ಚಹಾ, ಬಾಲ. ನೀಲಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ಭುಜ ಅಲುಗುವುದು ನೋಡಿದರೆ ನಗುತ್ತಿದ್ದರು.

“ಶಶಿಗೆ ಹೇಳಬ್ಯಾಡ್ರಿ” ಎಂದರು ಕೊನೆಗೆ. “ನಾನೂ ಹಿಂದಕ್ಕೊಮ್ಮೆ ಪೆಟಗಿ ಮುಚ್ಚೂಮುಂದ ಬಾಲ ಸಿಗಸಿದ್ದೆ. ಇವತ್ತಿಗೂ ಅವಂಗ ಗೊತ್ತಿಲ್ಲ. ಮಾಯತೈತಿ. ಪೆಟಗಿ ಹೊತ್ತು ತಿರಗೂದು ಬಿಡ್ರಿ ಮೊದಲು. ಒಂದ ಕಡಿ ಬಿಸಿ ಇಡ್ರಿ, ಇನ್ನೊಂದ ಕಡಿ ತಂಪಿರ್ಲಿ. ಅದಕ್ಕ ಎಲ್ಲಿ ಬೇಕೋ ಅಲ್ಲಿ ಹೋಗ್ತೈತಿ. ಅದರ ಮೈ, ಅದಕ್ಕ ಗೊತ್ತಿರಂಗಿಲ್ಲೇನ್ರಿ?”

ಆಮೇಲೆ ಉಣ್ಣಲು ಎಬ್ಬಿಸಿದರು. ಮಗಳನ್ನು ಕೊಡುವ ಮನೆಯಲ್ಲಿ ಮದುವೆ ಆಗುವತನಕ ನಾವು ಉಣ್ಣುವುದಿಲ್ಲವೆಂದು ಕೈ ಮುಗಿದೆ. “ಸರಿಹೋತು ಬಿಡ್ರಿ. ನಮ್ಮಾಂವ ನಿಮ್ಮ ಮನ್ಯಾಗ ಬಿಟ್ಟ, ನೀವು ನಮ್ಮ ಮನ್ಯಾಗ ಬಿಟ್ರಿ” ಎಂದರು. ಧೈರ್ಯ ಮಾಡಿ, ನಿಶ್ಚಯದ ದಿನದ ಒಪ್ಪತ್ತು ಯಾವ ದೇವರದೆಂದು ಕೇಳಿದೆ. ಅವರು ದವಡೆ ಮುಟ್ಟಿಕೊಂಡರು. “ಹಲ್ಲು ನೋವ್ರಿ. ಬೀಗರ ಮುಂದ ಹೆಂಗ ಹೇಳೂದು, ಹಲ್ಲು ಅಲುಗಾಡತೈತಿ ಅಂತ?”

ಬಸ್ಸಿನಲ್ಲಿ ಬರುವಾಗ ಲೋಕದಲ್ಲಿ ಯಾರು ಯಾಕೆ ಊಟ ಬಿಡುತ್ತಾರೆಂಬುದನ್ನು ತಿಳಿಯುವ ಪ್ರಯತ್ನವನ್ನು ನಾನು ಬಿಟ್ಟೆ.

ನಾಲ್ಕನೆಯ ಸೂಚನೆಗೂ ಒಂಬತ್ತನೆಯದಕ್ಕೂ ಪೆಟ್ಟಿಗೆಯಲ್ಲಿ ಅರ್ಧರ್ಧ ಹಂಚಿಕೊಟ್ಟೆವು. ಬಿಸಿ ಹಾಳೆ ಎಡಕ್ಕೆ, ಕಡಪ ಕಲ್ಲಿನ ತಂಪು ಬಲಕ್ಕೆ. ಕೆಂಚಪ್ಪ ಒಂದು ದಿನವೆಲ್ಲ ಯೋಚಿಸಿ ಎಡಕ್ಕೆ ಹೋದ. ಗಾಯ ಹಕ್ಕಳೆ ಕಟ್ಟುವವರೆಗೆ ಅಲ್ಲೇ ಇದ್ದ. ಎಳ್ಳಮಾವಾಸ್ಯೆಯ ಬೆಳಗ್ಗೆ ನೋಡಿದರೆ, ಯಾರೂ ಹೇಳದೆ, ಬಲಕ್ಕೆ ಸರಿದು ನೀರಿನ ಬಟ್ಟಲಿನ ಹಿಂದೆ ಸುರುಳಿಯಾಗಿದ್ದ. ಪಶುವೈದ್ಯರು ಹೇಳಿದ್ದೂ ಖರೆ, ಅಳಿಯನ ಹಾಳೆ ಹೇಳಿದ್ದೂ ಖರೆ, ಶೇಂಗಾ ಸುಲಿಯುವವನು ಹೇಳಿದ್ದೂ ಖರೆ. ಎಲ್ಲರೂ ಸರಿಯಿದ್ದಾಗಲೇ ಮನುಷ್ಯ ಹೆಚ್ಚು ತಬ್ಬಿಬ್ಬಾಗುವುದು.

ನನಗೆ ಉಳಿದ ಕೆಲಸ ಒಂದೇ, ವಾರಕ್ಕೊಮ್ಮೆ ತೂಗುವುದು. ಗಿರಣಿಯಲ್ಲಿ ಅಕ್ಕಿ ಮಾದರಿ ತೂಗುತ್ತಿದ್ದ ತಕ್ಕಡಿಯಲ್ಲಿ, ಬುಟ್ಟಿಯೊಳಗಿಟ್ಟು ತೂಗುತ್ತಿದ್ದೆ. ಎರಡು ತಿಂಗಳು ಹೊಟ್ಟೆಗಿಲ್ಲದವನು ಎಷ್ಟು ಇಳಿದಿರಬೇಕು? ಒಂದು ನಿಂಬೆಹಣ್ಣಿನಷ್ಟೂ ಇಳಿದಿರಲಿಲ್ಲ. ಆಗ ಮಾತ್ರ ನನ್ನ ಕಸುಬಿನ ತಲೆಗೆ ಏನೋ ಹೊಳೆಯಿತು. ಗೋದಾಮಿನಲ್ಲಿ ಭತ್ತ ಒಂದು ಋತು ಕೂತರೆ ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ. ಕೆಟ್ಟು ಹೋಗುವ ತೂಕವಲ್ಲ ಅದು. ಒಣಗಿ ಹಳತಾಗುವ ತೂಕ. ಹಳೆ ಅಕ್ಕಿಯ ಅನ್ನ ಉದುರುದುರಾಗುವುದು ಅದರಿಂದಲೇ. ಮೂವತ್ತು ವರ್ಷ ಭತ್ತವನ್ನು ಕತ್ತಲಲ್ಲಿ ಸುಮ್ಮನೆ ಕೂರಿಸಿ ಕಾದವನಿಗೆ, ಒಂದು ಹಾವು ಸುಮ್ಮನೆ ಕೂತದ್ದು ಅರ್ಥವಾಗಿರಲಿಲ್ಲ.

ಮಾಘದಲ್ಲಿ ಬಿಸಿಲು ಚುರುಕಾಯಿತು. ಜವಳಿ ನೋಡಲೆಂದು ನೀಲಮ್ಮನವರು ಹೊಸಪೇಟೆಗೆ ಬಂದಿದ್ದರು. ಸೀರೆ ಬಿಚ್ಚುವ ಮೊದಲೇ, “ಎಲ್ಲಿ ನಮ್ಮಾಂವ?” ಎಂದು ಉಗ್ರಾಣಕ್ಕೆ ನಡೆದರು. ಕೆಂಚಪ್ಪ ತಂಪು ಬಿಟ್ಟು ಗಾಜಿನ ಹತ್ತಿರ ಬಂದು ನಾಲಿಗೆ ಆಡಿಸುತ್ತಿದ್ದ. ಒಂದು ವಾರ ಎರಡೂ ಕಡೆ ಬೆಚ್ಚಗಿಟ್ಟಾಗಿತ್ತು. ನೀಲಮ್ಮನವರೇ ಚಿಮಟದಲ್ಲಿ ಫ್ರಿಜ್ಜಿನ ಇಲಿಯನ್ನು, ಅಂದರೆ ತಂಗಳನ್ನೇ, ಹಿಡಿದರು. ಈ ಸಲ ನಾವು ಯಾರೂ ಹೊರಗೆ ಹೋಗಲಿಲ್ಲ. ಮೂರು ಜನ ಹಿರಿಯರು ಉಸಿರು ಬಿಗಿಹಿಡಿದು ಉಣ್ಣುವವನ ಬಾಯಿಯನ್ನೇ ನೋಡುತ್ತ ನಿಂತೆವು. ಕೇಸರಿ ಮೈ ಒಂದು ಸಲ ಬಿಗಿಯಿತು. ಕಣ್ಣು ಮಿಟುಕಿಸುವುದರಲ್ಲಿ ಇಲಿ ಚಿಮಟದಲ್ಲಿರಲಿಲ್ಲ.

ಶಾಂತಾ ಅಡುಗೆಮನೆಗೆ ಹೋಗಿ ಎಲೆ ಹಾಕಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು. ನೀಲಮ್ಮನವರು ಎಲೆಯ ಮುಂದೆ ಕೂತು, “ರೊಟ್ಟಿ ಮೆತ್ತಗದಾವೇನ್ರಿ?” ಎಂದು ಒಮ್ಮೆ ಕೇಳಿದರು. ಎರಡು ಉಂಡರು. ಶಾಂತಾ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಹೊಗೆ ಇರಲಿಲ್ಲ, ಗ್ಯಾಸಿನ ಒಲೆ.

ಇನ್ನು ಉಳಿದದ್ದು ಅಳಿಯನಿಗೆ ಹೇಳುವುದು. ಹೇಳಬ್ಯಾಡ್ರಿ ಎಂದಿದ್ದರು ಬೀಗಿತ್ತಿ. “ನಾ ಹೇಳಂಗಿಲ್ಲ, ನಾ ಆ ಹೊಸ್ತಿಲ ತುಳಿಯೂದರಾಗ ನೀವ ಹೇಳ್ರಿ” ಎಂದಿದ್ದಳು ಮಗಳು. ಹೇಳಿದರೆ ಬೀಗಿತ್ತಿಗೆ ಮೋಸ, ಹೇಳದಿದ್ದರೆ ಅಳಿಯನಿಗೆ. ಶಶಿಧರ ಮದುವೆಗೆ ವಾರ ಮೊದಲು ಬಂದು, ಕೆಂಚನನ್ನು ಕೈಮೇಲೆ ಹರಿಯಬಿಟ್ಟು, ಬಾಲದ ಹತ್ತಿರ ಒಂದು ಕ್ಷಣ ಬೆರಳು ನಿಲ್ಲಿಸಿದ. ಪೊರೆ ಬಿಟ್ಟಿದ್ದರೂ ಅಲ್ಲಿ ಮೂರು ಹುರುಪೆ ಸೊಟ್ಟಗೆ ಬೆಳೆದಿದ್ದವು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪೆಂಡಾಲಿನವನು ಕರೆದ. ಆಮೇಲೆ ಅಕ್ಕಿ ಬಂತು, ವಾಲಗದವರು ಬಂದರು, ಮದುವೆಯೇ ಬಂತು.

ಅಕ್ಷತೆ ಬಿದ್ದ ಮೇಲೆ ಬೀಗರ ಪಂಕ್ತಿ. ಮದುಮಗನಿಗೆ ಹೋಳಿಗೆ ಬಡಿಸುವ ಮರ್ಯಾದೆ ನನ್ನದು. ಶಶಿಧರ ಎರಡು ತುತ್ತು ಉಂಡವನು, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ. ಎಲೆಯನ್ನೇ ನೋಡುತ್ತ ಕೂತ. ಹಿಂದೆ ತುಪ್ಪದ ಗಿಂಡಿ ಹಿಡಿದಿದ್ದ ಶಾಂತಾಳ ಬಳೆ ಸದ್ದು ನಿಂತಿತು. ಬಗ್ಗಿ ಮೆಲ್ಲಗೆ ಕೇಳಿದೆ:

“ಯಾಕ್ರಿ ಅಳಿಯಾರ, ಉಣ್ಣವಲ್ರಿ?”

ಅವನು ತಲೆ ಎತ್ತಲಿಲ್ಲ. “ಮಾವಾರ, ಆ ಇಲಿ ಕಂಪ್ಲೀದೇನ್ರಿ?”

“ವೀಣಾ ಹೇಳಿದ್ಲೇನ್ರಿ?”

“ಇಲ್ರಿ.”

“ನಿಮ್ಮ ಅವ್ವಾರು?”

“ಅವ್ವಗೂ ಗೊತ್ತೈತೇನ್ರಿ?” ಎಂದು ಈಗ ತಲೆ ಎತ್ತಿದ. “ಯಾರೂ ಹೇಳಿಲ್ರಿ. ಐಸಿನ ಇಲಿ ಕಚ್ಚಂಗಿಲ್ಲಲ್ರಿ.”

ಪಂಕ್ತಿಯ ಆ ತುದಿಯಲ್ಲಿ ನೀಲಮ್ಮನವರು ಹೋಳಿಗೆಯನ್ನು ಮುಂದಿನ ಹಲ್ಲಿನಿಂದ ಜೋಪಾನವಾಗಿ ಮುರಿಯುತ್ತಿದ್ದರು. ಪಕ್ಕದಲ್ಲಿ ವೀಣಾ ಬಾಸಿಂಗದ ಕೆಳಗೆ ತುಟಿ ಕಚ್ಚಿ ಹಿಡಿದಿದ್ದಳು.

“ಹೌದ್ರಿ” ಎಂದೆ. “ಕಂಪ್ಲೀದು. ತಪ್ಪಾತು.”

ಶಶಿಧರ ಎಲೆಯನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿದ.

“ಇನ್ನೊಂದು ಹೋಳಿಗಿ ಹಾಕ್ರಿ ಮಾವಾರ” ಎಂದ. “ಬಿಸಿದು.”